ಪಾರ್ಕಿನಲ್ಲಿ ಮೈಕ್ ಹಾಕುವ ಮೊದಲು



ಕಳೆದ ಡಿಸೆಂಬರಿನಲ್ಲಿ ನಾವು ಪೇಟೆಯ ಪಾರ್ಕಿನಲ್ಲಿ ಕ್ರಿಸ್ಮಸ್ ಬಂಧುತ್ವ ಸಂಜೆ ನಡೆಸಿದ ಮೇಲೆ ಅಕ್ಕಪಕ್ಕದ ಚರ್ಚುಗಳ ಮೂರು ಯುವ ಘಟಕದವರು ಫೋನ್ ಮಾಡಿ ಕೇಳಿದ್ದು ಒಂದೇ ವಿಷಯ. ಮೈಕಿಗೆ ಪರ್ಮಿಷನ್ ಎಲ್ಲಿ ತೆಗೆಯುವುದು, ಎಷ್ಟು ದಿನ ಮೊದಲು ಹೋಗಬೇಕು, ಅರ್ಜಿ ಕನ್ನಡದಲ್ಲಿ ಕೊಟ್ಟರೆ ನಡೆಯುತ್ತದಾ? ಫೋನಿನಲ್ಲಿ ಹೇಳಿದ್ದೇವೆ. ಆದರೆ ಹೇಳುವಾಗಲೆಲ್ಲ ಅರ್ಧ ಮಾತ್ರ ಹೇಳಿದ ಹಾಗಾಗುತ್ತಿತ್ತು. ಕಾಗದಪತ್ರದ ಕೆಲಸ ಎಂಟು ದಿನದಲ್ಲಿ ಮುಗಿದಿತ್ತು. ನಮ್ಮನ್ನು ನಿದ್ದೆಗೆಡಿಸಿದ್ದು ಅದರ ನಂತರದ ಹತ್ತು ದಿನ. ಆದ್ದರಿಂದ ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಚರ್ಚಿನ ಅಂಗಳ ಬಿಟ್ಟು ಪಾರ್ಕಿಗೆ ಯಾಕೆ ಹೋದಿರಿ ಎಂದು ನಮ್ಮ ಗುರ್ಕಾರರೊಬ್ಬರೇ ಸಭೆಯಲ್ಲಿ ಕೇಳಿದ್ದರು. ಅಂಗಳದಲ್ಲಿ ಮಾಡಿದರೆ ಬಾಡಿಗೆ ಇಲ್ಲ, ಕರೆಂಟು ನಮ್ಮದೇ, ಮಳೆ ಬಂದರೆ ಹಾಲ್ ಇದೆ. ಆದರೆ ಎರಡು ವರ್ಷ ಅಂಗಳದಲ್ಲಿ ಮಾಡಿ ನೋಡಿದ್ದೇವೆ. ಆಮಂತ್ರಣ ಕೊಟ್ಟ ಮನೆಗಳಿಂದ ಗಂಡಸರು ಒಬ್ಬಿಬ್ಬರು ಬಂದು ಮುಂದಿನ ಸಾಲಿನಲ್ಲಿ ಕೂತು ಕುಸ್ವಾರ್ ತಿಂದು ಹೋಗುತ್ತಾರೆ. ಹೆಂಗಸರು, ಮಕ್ಕಳು ಬರುವುದಿಲ್ಲ. ಗೇಟು ದಾಟಲು ಅವರಿಗೆ ಏನೋ ಸಂಕೋಚ. ಪಾರ್ಕಿಗಾದರೆ ಅವರು ದಿನಾ ಬರುತ್ತಾರೆ. ಉಯ್ಯಾಲೆ ಇದೆ, ಜಾರುಬಂಡಿ ಇದೆ, ಸಂಜೆ ವಾಕಿಂಗಿನ ಅಜ್ಜಂದಿರು ಸಿಮೆಂಟಿನ ಬೆಂಚಿನ ಮೇಲೆ ಕೂತು ಕನ್ನಡ, ತುಳು, ಬ್ಯಾರಿ, ಮಲಯಾಳ ನಾಲ್ಕೂ ಬೆರೆಸಿ ಜಗಳ ಮಾಡುತ್ತಿರುತ್ತಾರೆ. ಅಲ್ಲಿ ಹೊಸ ಗೇಟು ಯಾರೂ ದಾಟಬೇಕಾಗಿಲ್ಲ. ಇದು ಒಂದು ಕಾರಣ. ಇನ್ನೊಂದು, ಆ ಪಾರ್ಕಿನ ವೇದಿಕೆಯಲ್ಲಿ ಕನ್ನಡ ಹಾಡು ಕೇಳದೆ ಬಹಳ ಕಾಲವಾಗಿತ್ತು.

ಮೊದಲು ಕಾಗದದ ವಿಷಯ. ಪಾರ್ಕು ಪಂಚಾಯತಿನದು. ಹಾಗಾಗಿ ಮೊದಲ ಅರ್ಜಿ ಪಂಚಾಯತ್ ಕಾರ್ಯದರ್ಶಿಗೆ: ದಿನ, ಸಮಯ, ಎಷ್ಟು ಜನ, ಯಾವ ಮೂಲೆ, ಕರೆಂಟು ಎಲ್ಲಿಂದ, ಕಸ ಯಾರು ತೆಗೆಯುತ್ತಾರೆ. ಬಾಡಿಗೆ ಮತ್ತು ಡಿಪಾಸಿಟ್ ಕಟ್ಟಿದ ರಶೀದಿ ಕೈಗೆ ಬಂದ ಮೇಲೆಯೇ ಪೊಲೀಸ್ ಠಾಣೆಯ ಕಡೆಗೆ ಹೋಗಿ. ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ ಜಾಗದ ಒಪ್ಪಿಗೆ ಎಲ್ಲಿ ಎಂದು. ಜಾಗ ಸಿಕ್ಕಿತೆಂದರೆ ಮೈಕೂ ಸಿಕ್ಕಿತು ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಪಂಚಾಯತ್ ಕೊಡುವುದು ನೆಲ ಮಾತ್ರ. ಶಬ್ದದ ಒಪ್ಪಿಗೆ ಬೇರೆ.

ಆ ಬೇರೆ ಒಪ್ಪಿಗೆ ಬರುವುದು ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ದಿಂದ. ಕೇಂದ್ರದ ನಿಯಮ ಇದು, ನಮ್ಮ ಕಾಸರಗೋಡಿಗೂ ಅದೇ, ಮಂಗಳೂರಿಗೂ ಅದೇ. ಧ್ವನಿವರ್ಧಕ ಬಳಸಬೇಕಾದರೆ ಪ್ರಾಧಿಕಾರದ ಲಿಖಿತ ಅನುಮತಿ ಇರಬೇಕು. ಪ್ರಾಧಿಕಾರ ಎಂದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್, ಅಥವಾ ಈ ಕೆಲಸಕ್ಕೆಂದೇ ನೇಮಿಸಿದ, ಡಿವೈಎಸ್ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ. ನಾವು ಕಾಣುವುದು ಠಾಣೆಯನ್ನು ಮಾತ್ರ, ಅರ್ಜಿ ಅಲ್ಲಿಂದ ಹೋಗುತ್ತದೆ. ಕೇರಳ ಪೊಲೀಸರ ‘ತುಣ’ ಪೋರ್ಟಲಿನಲ್ಲಿ ‘ಮೈಕ್ ಸ್ಯಾಂಕ್ಷನ್’ ಎಂಬ ವಿಭಾಗವೇ ಇದೆ, ಮನೆಯಲ್ಲಿ ಕೂತು ಹಾಕಬಹುದು. ಶುಲ್ಕ ಆಗಾಗ ಬದಲಾಗುತ್ತದೆ, ಆದ್ದರಿಂದ ಹಾಕುವ ದಿನ ನೋಡಿಕೊಳ್ಳಿ. ಆನ್‌ಲೈನ್ ಹಾಕಿದರೂ ಒಮ್ಮೆ ಠಾಣೆಗೆ ಖುದ್ದಾಗಿ ಹೋಗಿ ಮಾತನಾಡಿ ಬನ್ನಿ ಎಂಬುದು ನಮ್ಮ ಸಲಹೆ. ಡಿಸೆಂಬರ್ ತಿಂಗಳಲ್ಲಿ ಅವರ ಮೇಜಿನ ಮೇಲೆ ಉತ್ಸವ, ನೇಮ, ಉರೂಸ್, ಪಕ್ಷಗಳ ಸಮ್ಮೇಳನ, ಶಾಲಾ ವಾರ್ಷಿಕೋತ್ಸವ ಎಲ್ಲದರ ಅರ್ಜಿಗಳೂ ಒಟ್ಟಿಗೆ ಬಿದ್ದಿರುತ್ತವೆ.

ಭಾಷೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಒಂದು ಕಚೇರಿಯ ಕೌಂಟರಿನಲ್ಲಿ ನಮ್ಮ ಕನ್ನಡ ಅರ್ಜಿಯನ್ನು ಹಿಂದಕ್ಕೆ ತಳ್ಳಿ, ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ಕೆಟ್ಟ ಮನಸ್ಸಿನಿಂದ ಅಲ್ಲ. ಆ ಸೀಟಿನಲ್ಲಿದ್ದವರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ, ನಮ್ಮ ಅಕ್ಷರ ಅವರಿಗೆ ಸುರುಳಿ ಸುರುಳಿಯಾಗಿ ಕಂಡಿರಬೇಕು. ನಮ್ಮ ಕಾರ್ಯದರ್ಶಿ ಹುಡುಗಿ ಮೆತ್ತಗೆ, ಮಲಯಾಳದಲ್ಲೇ, ಕೇರಳ ಅಧಿಕೃತ ಭಾಷೆಗಳ (ಶಾಸನ) ಕಾಯ್ದೆ, 1969ರ ಮಾತೆತ್ತಿದಳು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಹೋಗಬೇಕು ಎಂದು ಆ ಕಾಯ್ದೆಯಲ್ಲಿದೆ. 1956ರ ನವೆಂಬರ್ 1ರಂದು ನಮ್ಮ ಅಜ್ಜಂದಿರು ಮಲಗಿ ಎದ್ದಾಗ ರಾಜ್ಯ ಬದಲಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಉಳಿದುಕೊಂಡು ಬಂದ ಕೆಲವೇ ಕಾಗದದ ಆಧಾರಗಳಲ್ಲಿ ಇದು ಒಂದು. ಅರ್ಜಿ ತೆಗೆದುಕೊಂಡರು, ಸೀಲ್ ಹಾಕಿದ ಪ್ರತಿಯನ್ನೂ ಕೊಟ್ಟರು. ಅನುಮತಿ ಪತ್ರ ಮಾತ್ರ ಮಲಯಾಳದಲ್ಲೇ ಬಂತು. ಉತ್ತರ ಕನ್ನಡದಲ್ಲಿ ಬೇಕೆಂದು ಮತ್ತೆ ಕೌಂಟರಿಗೆ ಹೋಗಲು ಸಮಯವಿರಲಿಲ್ಲ, ಅದು ಬೇರೆಯೇ ಕೆಲಸ. ನಿಮ್ಮಲ್ಲಿ ಯಾರಾದರೂ ಕನ್ನಡದಲ್ಲೇ ಅನುಮತಿ ಪತ್ರ ಪಡೆದಿದ್ದರೆ ಅದರ ಪ್ರತಿ ತೋರಿಸಿ, ನಾವು ಫ್ರೇಮ್ ಹಾಕಿ ಇಡುತ್ತೇವೆ.

ಹಾಡಿನ ಹಕ್ಕಿನ ಬಗ್ಗೆಯೂ ಕೇಳಿದ್ದಿರಿ. ಹವ್ಯಾಸಿ ತಂಡವೊಂದು ಟಿಕೆಟಿಲ್ಲದ ಸಭೆಯ ಮುಂದೆ ತಾನೇ ಹಾಡಿದರೆ ಕಾಪಿರೈಟ್ ಕಾಯ್ದೆಯ 52ನೆಯ ಸೆಕ್ಷನ್ ರಿಯಾಯಿತಿ ಕೊಡುತ್ತದೆ. ಸಿನಿಮಾ ಹಾಡಿನ ಟ್ರ್ಯಾಕ್ ಹಾಕಿ ಕುಣಿಯುವುದು ಬೇರೆ ಮಾತು. ನಾವು ಟ್ರ್ಯಾಕ್ ಹಾಕಲಿಲ್ಲ. ಕೀಬೋರ್ಡ್, ಗಿಟಾರ್, ಒಂದು ಕಹೋನ್, ಹದಿನೆಂಟು ಗಂಟಲು.

ಪೊಲೀಸರ ಕಡೆಯಿಂದ ಒಬ್ಬರು ಬಂದು ಜಾಗ ನೋಡಿ ಹೋದರು. ಶರತ್ತುಗಳು ಹೀಗಿದ್ದವು: ಸಂಜೆ 6ರಿಂದ 9, ಬಾಕ್ಸ್ ಸ್ಪೀಕರ್ ಮಾತ್ರ, ಮಲಯಾಳದಲ್ಲಿ ಕೋಳಾಂಬಿ ಎನ್ನುವ ಕಹಳೆಯಾಕಾರದ್ದು ಬೇಡ, ಪಾರ್ಕಿನ ಹೊರಗೆ ರಸ್ತೆಗೆ ಮುಖಮಾಡಿ ಯಾವುದನ್ನೂ ಕಟ್ಟಬಾರದು, ಶಬ್ದ ನಿಯಮದ ಮಿತಿಯೊಳಗೆ ಇರಬೇಕು. ಈ ಕೊನೆಯ ಶರತ್ತನ್ನು ಎಲ್ಲ ಅನುಮತಿ ಪತ್ರಗಳಲ್ಲೂ ಬರೆದಿರುತ್ತಾರೆ. ಅದರ ಅರ್ಥ ಏನೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ನಮ್ಮ ಸಮಿತಿಯಲ್ಲಿ ಬಿಎಸ್ಸಿ ಫಿಸಿಕ್ಸ್ ಮುಗಿಸಿದವರು ಇಬ್ಬರಿದ್ದೇವೆ. ಓದಿದ್ದಕ್ಕೆ ಒಮ್ಮೆಯಾದರೂ ಉಪಯೋಗವಾಗಲಿ ಎಂದು ತೆಗೆದು ನೋಡಿದೆವು.

ವಾಸದ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಸಾರ್ವಜನಿಕ ಸ್ಥಳದಲ್ಲಿ ಮೈಕ್ ಹಾಕಿದರೆ ಆ ಸ್ಥಳದ ಎಲ್ಲೆಯಲ್ಲಿ ಅಳೆದಾಗ ಈ ಮಟ್ಟಕ್ಕಿಂತ 10 ಡೆಸಿಬಲ್‌ಗಿಂತ ಹೆಚ್ಚು ಇರಬಾರದು, ಅಥವಾ 75ನ್ನು ಮೀರಬಾರದು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಂದರೆ ಮನೆಗಳ ನಡುವಿನ ನಮ್ಮ ಪಾರ್ಕಿಗೆ ಬೇಲಿಯ ಹತ್ತಿರ 65. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಮೈಕ್ ಇಲ್ಲವೇ ಇಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರಕಾರಕ್ಕಿದೆ, ಠಾಣೆಗಿಲ್ಲ.

ಇದರ ಹಿಂದಿನ ಎರಡು ತೀರ್ಪುಗಳನ್ನು ನಮ್ಮವರು ತಿಳಿದಿರುವುದು ಒಳ್ಳೆಯದು, ಎರಡೂ ಕ್ರೈಸ್ತರಿಗೆ ಸಂಬಂಧಪಟ್ಟವು. ಒಂದು ನಮ್ಮದೇ ರಾಜ್ಯದ್ದು. 1990ರ ದಶಕದ ಆರಂಭದಲ್ಲಿ ಪಿ.ಎ. ಜೇಕಬ್ ಎಂಬವರು ತಮ್ಮ ಸಮುದಾಯದ ಕೆಲವು ಆಚರಣೆಗಳ ವಿರುದ್ಧ ಮೈಕ್ ಹಾಕಿ ಮಾತನಾಡಲು ಬಯಸಿದಾಗ ಅನುಮತಿ ಸಿಗದೆ ಕೋಟ್ಟಯಂ ಪೊಲೀಸ್ ವರಿಷ್ಠಾಧಿಕಾರಿಯ ವಿರುದ್ಧ ಹೈಕೋರ್ಟಿಗೆ ಹೋದರು. ಮಾತನಾಡುವ ಸ್ವಾತಂತ್ರ್ಯದೊಳಗೆ ಧ್ವನಿವರ್ಧಕದಲ್ಲಿ ಮಾತನಾಡುವ ಹಕ್ಕು ಸೇರಿಲ್ಲ ಎಂದು ಕೇರಳ ಹೈಕೋರ್ಟ್ ಹೇಳಿತು. ಇನ್ನೊಂದು ಚೆನ್ನೈಯ ಒಂದು ಪ್ರಾರ್ಥನಾ ಮಂದಿರದ ಪ್ರಕರಣ. ನೆರೆಹೊರೆಯ ಕಾಲೊನಿಯವರು ದೂರಿತ್ತರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2000ದ ಆಗಸ್ಟ್ 30ರ ತೀರ್ಪಿನಲ್ಲಿ ಕೋರ್ಟ್, ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ, ಮೈಕು, ಡ್ರಮ್ಮು ಬೇಕೇಬೇಕೆಂದೂ ಹೇಳಿಲ್ಲ ಎಂಬ ಅರ್ಥದ ಮಾತು ಹೇಳಿತು. ನಮ್ಮ ಸಭೆಯಲ್ಲಿ ಇದನ್ನು ಓದಿದಾಗ ಹಿಂದಿನ ಬೆಂಚಿನಿಂದ ಒಬ್ಬ, “ಬೇರೆಯವರಿಗೆ ಯಾರೂ ಹೇಳುವುದಿಲ್ಲ, ನಮಗೇ ಹೇಳುವುದು” ಎಂದ. ಈ ಮಾತು ಎಲ್ಲ ಸಮುದಾಯದ ಸಭೆಗಳಲ್ಲೂ ಕೇಳಿಬರುತ್ತದೆ ಎಂದು ನಮ್ಮ ಅಂದಾಜು. ಮಸೀದಿಯಲ್ಲೂ, ಭಜನಾ ಮಂದಿರದಲ್ಲೂ ಇದೇ ಬೆಂಚು, ಇದೇ ಹುಡುಗ ಇರುತ್ತಾನೆ.

ಅನುಮತಿ ಕೈಗೆ ಬಂದ ದಿನ ಫಾದರ್ ಹತ್ತಿರ ಹೋಗಿ ತೋರಿಸಿದೆವು. ಅವರು ಓದಿ ಮಡಚಿ ಕೊಟ್ಟು, “ಪಾರ್ಕಿನ ಸುತ್ತ ಇರುವ ಮನೆಗಳಿಗೆ ಹೋಗಿದ್ದೀರಾ?” ಎಂದರು. ಆಮಂತ್ರಣ ಕೊಡಲು ಹೋಗುವವರಿದ್ದೇವೆ ಎಂದೆವು. “ಆಮಂತ್ರಣ ಆಮೇಲೆ ಕೊಡಿ. ಮೊದಲು ಸುಮ್ಮನೆ ಕೇಳಿ ಬನ್ನಿ” ಎಂದರು.

ಹನ್ನೊಂದು ಮನೆ, ನಾಲ್ಕು ಅಂಗಡಿ, ಪೂರ್ವಕ್ಕೆ ಒಂದು ಮಸೀದಿ. ಮಸೀದಿಯ ಉಸ್ತಾದರು ಚಹಾ ಕೊಟ್ಟು, ಮಗ್ರಿಬ್ ಮುಗಿದ ಮೇಲೆ ಶುರು ಮಾಡಿದರೆ ಒಳ್ಳೆಯದು, ಇಶಾ ಬಾಂಗಿನ ಹೊತ್ತಿಗೆ ಐದು ನಿಮಿಷ ನಿಲ್ಲಿಸಿದರೆ ಸಾಕು ಎಂದರು. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಗೇ ಮುಳುಗುವುದರಿಂದ ನಮಗೆ ಏನೂ ತೊಂದರೆಯಿರಲಿಲ್ಲ. ಆರೂವರೆಗೆ ಶುರು ಎಂದು ಬರೆದುಕೊಂಡೆವು. ಅಂಗಡಿಯವರಿಗೆ ಜನ ಸೇರುವುದೇ ಖುಷಿ. ಹತ್ತು ಮನೆಗಳಲ್ಲಿ “ಆಯ್ತು ಮಕ್ಕಳೇ, ಬರ್ತೇವೆ” ಎಂದರು.

ಹನ್ನೊಂದನೆಯದು ಮಾಸ್ಟ್ರ ಮನೆ. ಪಾರ್ಕಿನ ಪಶ್ಚಿಮದ ಬೇಲಿಗೆ ತಾಗಿದ ಹಾಗೆ ಇದೆ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಲಿಸಿ ನಿವೃತ್ತರಾದವರು. ನಮ್ಮಲ್ಲಿ ಅರ್ಧದಷ್ಟು ಮಂದಿಯ ಅಪ್ಪ ಅಮ್ಮಂದಿರಿಗೆ ಅವರು ಕಲಿಸಿದ್ದಾರೆ. ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸಿದರು, ಒಳಗೆ ಕರೆಯಲಿಲ್ಲ. ಮಾಸ್ಟ್ರು ಹಾಗೆ ಮಾಡುವವರಲ್ಲ.

“ಪರ್ಮಿಷನ್ ಸಿಕ್ಕಿದೆಯಲ್ಲ ಮಕ್ಕಳೇ, ಮತ್ತೆ ನನ್ನನ್ನು ಯಾಕೆ ಕೇಳುವುದು?” ಎಂದರು. ಸುಮ್ಮನೆ ಕೇಳಲು ಬಂದೆವು ಮಾಸ್ಟ್ರೇ ಎಂದೆವು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಸರಿ, ಕೇಳಿದ್ದಕ್ಕೆ ಹೇಳುತ್ತೇನೆ, ಒಳಗೆ ಬನ್ನಿ” ಎಂದು ಕರೆದುಕೊಂಡು ಹೋದರು.

ಅಮ್ಮನವರು ಪಾರ್ಕಿನ ಕಡೆಯ ಕೋಣೆಯಲ್ಲಿ ಮಲಗಿದ್ದರು. ಪಾರ್ಶ್ವವಾಯು ಆಗಿ ಒಂದೂವರೆ ವರ್ಷ. ಬಲಭಾಗ ಬಿದ್ದಿದೆ, ಮಾತು ಹೋಗಿದೆ. ಎಲ್ಲ ಅರ್ಥವಾಗುತ್ತದೆ. ಆ ಕೋಣೆ ಬಿಟ್ಟರೆ ಮಂಚ, ಗಾಲಿಕುರ್ಚಿ, ಬಚ್ಚಲು ಮೂರೂ ಹೊಂದುವ ಬೇರೆ ಕೋಣೆ ಮನೆಯಲ್ಲಿಲ್ಲ. “ಹಾಡು ಅವಳಿಗೆ ಇಷ್ಟ,” ಎಂದರು ಮಾಸ್ಟ್ರು. “ಶಾಲೆಯಲ್ಲಿ ಪ್ರಾರ್ಥನೆ ಕಲಿಸುತ್ತಿದ್ದವಳೇ ಅವಳು. ಆದರೆ ಈ ದೊಡ್ಡ ಪೆಟ್ಟಿಗೆಯಿಂದ ಧಡ್ ಧಡ್ ಅಂತ ಬರುತ್ತದಲ್ಲ, ಅದು. ಕಿಟಕಿ ಗಾಜು ನಡುಗುತ್ತದೆ. ಅವಳ ಎಡಗೈಯೂ ನಡುಗಲು ಶುರುವಾಗುತ್ತದೆ. ಅಳುತ್ತಾಳೆ. ಕಿವಿ ಮುಚ್ಚಿಕೊಳ್ಳೋಣವೆಂದರೆ ಒಂದೇ ಕೈ.” ಕಳೆದ ಎರಡು ತಿಂಗಳಲ್ಲಿ ಆರು ಶನಿವಾರ ಪಾರ್ಕಿನಲ್ಲಿ ಏನಾದರೊಂದು ಇತ್ತಂತೆ. ಬೇರೆ ಬೇರೆಯವರದ್ದು. ಒಬ್ಬರಿಗೂ ಅವರು ಬೇಡ ಎಂದು ಹೇಳಿರಲಿಲ್ಲ. ಒಬ್ಬರೂ ಕೇಳಿರಲೂ ಇಲ್ಲ.

ಹೊರಡುವಾಗ ಅವರು ಹೇಳಿದ್ದು ಇಷ್ಟೆ: “ನೀವು ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಹೇಳುವ ಹಕ್ಕೂ ನನಗಿಲ್ಲ.”

ಆ ರಾತ್ರಿಯ ಸಮಿತಿ ಸಭೆ ಹನ್ನೊಂದರವರೆಗೆ ನಡೆಯಿತು. ನಮ್ಮ ಹತ್ತಿರ ಸಹಿ ಮಾಡಿದ ಅನುಮತಿ ಇತ್ತು, ಬಾಡಿಗೆ ಕಟ್ಟಿತ್ತು, ಸೌಂಡ್ಸಿನವರಿಗೆ ಮುಂಗಡ ಕೊಟ್ಟಾಗಿತ್ತು, ಮೂರು ಶಾಲೆಗಳ ಮಕ್ಕಳು ಹಾಡು ಕಲಿಯುತ್ತಿದ್ದರು. ಒಂದು ಸಂಜೆ, ಎರಡು ತಾಸು. ಇಷ್ಟಕ್ಕೆ ಬಿಟ್ಟರೆ ಯಾವ ಪೇಟೆಯಲ್ಲೂ ಯಾವ ಕಾರ್ಯಕ್ರಮವೂ ಆಗದು, ಎಲ್ಲ ಬೀದಿಯಲ್ಲೂ ಒಬ್ಬ ರೋಗಿ ಇದ್ದೇ ಇರುತ್ತಾರೆ ಎಂದರು ಕೆಲವರು. ಆ ಮಾತಿನಲ್ಲಿ ಸತ್ಯ ಇತ್ತು. ಮಾಸ್ಟ್ರ ಮನೆಗೆ ಹೋಗಿ ಬಂದ ನಾಲ್ವರು ಮಾತ್ರ ಹೆಚ್ಚು ಮಾತನಾಡಲಿಲ್ಲ. ಮತ್ತೆ ಅಂಗಳಕ್ಕೆ ಹೋಗೋಣ ಎಂದು ಒಬ್ಬಳು ಹೇಳಿದಾಗ, ಅಂಗಳಕ್ಕೆ ಯಾರು ಬರುತ್ತಾರೆ ಎಂಬ ಹಳೆಯ ಪ್ರಶ್ನೆ. ಅಮ್ಮನವರನ್ನು ಆ ಸಂಜೆ ಮಗಳ ಮನೆಗೆ ಕಳಿಸಲು ಆಗುವುದಿಲ್ಲವೇ, ಕಾರು ನಾವೇ ಕೊಡೋಣ ಎಂದು ಇನ್ನೊಬ್ಬ. ಹಾಸಿಗೆ ಹಿಡಿದವರನ್ನು ನಮ್ಮ ಹಾಡಿಗಾಗಿ ಮನೆಯಿಂದ ಹೊರಡಿಸುವುದು ಸಭೆಯಲ್ಲಿ ಯಾರಿಗೂ ಸರಿ ಕಾಣಲಿಲ್ಲ, ಹೇಳಿದವನಿಗೂ.

ಆಗ ಲೆಕ್ಕಕ್ಕೆ ಇಳಿದೆವು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ, ನಿಮಗೂ ಬೇಕಾಗುತ್ತದೆ.

ತೆರೆದ ಜಾಗದಲ್ಲಿ ಸ್ಪೀಕರಿನಿಂದ ದೂರ ಎರಡು ಪಟ್ಟಾದಾಗ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ವೇದಿಕೆಯಲ್ಲಿ ಒಂದೇ ಕಡೆ ಸ್ಪೀಕರ್ ಇಟ್ಟು 20 ಮೀಟರ್ ಆಚೆಯ ಕೊನೆಯ ಸಾಲಿಗೆ 70 ಡೆಸಿಬಲ್ ಮುಟ್ಟಿಸಬೇಕಾದರೆ, ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲಿ 96 ಇರಬೇಕು. ಅದು 40 ಮೀಟರ್ ದೂರದ ಮಾಸ್ಟ್ರ ಕಿಟಕಿಗೆ ಮುಟ್ಟುವಾಗ 64. ಅದರ ಬದಲು ನಾಲ್ಕು ಸಣ್ಣ ಸ್ಪೀಕರುಗಳನ್ನು ಜನರ ನಡುವೆಯೇ ಅಲ್ಲಲ್ಲಿ ಇಟ್ಟರೆ ಪ್ರತಿಯೊಬ್ಬರೂ ಒಂದಲ್ಲ ಒಂದು ಸ್ಪೀಕರಿಗೆ 4 ಮೀಟರ್ ಒಳಗೆ ಇರುತ್ತಾರೆ. ಆಗ ಒಂದು ಮೀಟರಿನಲ್ಲಿ 82 ಇದ್ದರೂ ಅವರಿಗೆ 70 ಸಿಗುತ್ತದೆ. 40 ಮೀಟರ್ ದೂರಕ್ಕೆ ಒಂದೊಂದರದ್ದು 50, ನಾಲ್ಕೂ ಸೇರಿ 56. ಜನರಿಗೆ ಕೇಳುವುದು ಅಷ್ಟೇ, ಕಿಟಕಿಗೆ 8 ಡೆಸಿಬಲ್ ಕಡಿಮೆ. ಗೋಡೆ, ಮರ, ಗಾಳಿ ಇದನ್ನು ಆಚೀಚೆ ಮಾಡುತ್ತವೆ, ಆದರೆ ದಿಕ್ಕು ಬದಲಾಗುವುದಿಲ್ಲ.

ಇಷ್ಟರಲ್ಲಿ ಮಾಸ್ಟ್ರ ಸಮಸ್ಯೆ ಮುಗಿಯಲಿಲ್ಲ. ಅವರು ಹೇಳಿದ್ದು ಧಡ್ ಧಡ್. ನಿಯಮದಲ್ಲಿರುವ ಡೆಸಿಬಲ್ ‘ಎ’ ತೂಕದ್ದು, ಅಂದರೆ ಕಿವಿಗೆ ಕೇಳುವ ಹಾಗೆ ಲೆಕ್ಕ ಹಾಕಿದ್ದು. ತಗ್ಗು ಸ್ವರಗಳನ್ನು ಅದು ಬಹಳ ಕಡಿಮೆ ಎಣಿಸುತ್ತದೆ. 50 ಹರ್ಟ್ಸಿನಲ್ಲಿ ಸುಮಾರು 30 ಡೆಸಿಬಲ್ ಕಳೆದುಬಿಡುತ್ತದೆ. ವೂಫರಿನಿಂದ ಹೊರಡುವುದು ಹೆಚ್ಚಾಗಿ ಆ ಜಾತಿಯ ಸ್ವರವೇ. ಗಾಜು ನಡುಗುತ್ತಿದ್ದರೂ ಮೀಟರಿನಲ್ಲಿ 60 ಎಂದು ತೋರಿಸಿ ಕಾರ್ಯಕ್ರಮ ಕಾನೂನಿನೊಳಗೇ ಇರಬಹುದು. ಸ್ಪೀಕರನ್ನು ಆಚೆ ತಿರುಗಿಸಿದರೆ ತಾರಕ ಸ್ವರ ಕಡಿಮೆಯಾಗುತ್ತದೆ, ಬೇಸ್ ಎಲ್ಲ ಕಡೆಗೂ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಅನುಮತಿ ಪತ್ರದ ಯಾವ ಶರತ್ತೂ ಅಮ್ಮನವರ ಎಡಗೈಯನ್ನು ಮುಟ್ಟುತ್ತಿರಲಿಲ್ಲ.

ಸೌಂಡ್ಸಿನವನಿಗೆ ಫೋನ್ ಮಾಡಿ ವೂಫರ್ ಬೇಡ ಎಂದೆವು. “ವೂಫರ್ ಇಲ್ಲದೆ ಎಂತ ಪ್ರೋಗ್ರಾಮ್ ಮಾರಾಯ? ನನ್ನ ಹೆಸರು ಹಾಳಾಗ್ತದೆ” ಎಂದ. ಒಳ್ಳೆಯ ಮನುಷ್ಯ, ನಮ್ಮ ಚರ್ಚಿನ ಹಬ್ಬಕ್ಕೆ ಹಲವು ವರ್ಷದಿಂದ ಬರುತ್ತಿರುವವನು. ಕೊನೆಗೆ ತನ್ನ ಬ್ಯಾನರ್ ಕಟ್ಟುವುದಿಲ್ಲ ಎಂಬ ಶರತ್ತಿನ ಮೇಲೆ ಒಪ್ಪಿದ. ಹಿಂದಿನ ದಿನ ಸಂಜೆ ಅವನೊಂದಿಗೆ ನಾಲ್ಕು ಸಣ್ಣ ಬಾಕ್ಸ್ ಇಟ್ಟು ನೋಡಿದೆವು. ಒಬ್ಬಳು ಮಾಸ್ಟ್ರ ಕಿಟಕಿಯ ಹೊರಗೆ ಫೋನ್ ಹಿಡಿದು ನಿಂತಳು. ಫೋನಿನ ಆಪ್ ನಂಬಿ ಕೋರ್ಟಿಗೆ ಹೋಗಲು ಆಗದು, ಆದರೆ ಹಾಡು ಇದ್ದಾಗಿನ ಮತ್ತು ಇಲ್ಲದಾಗಿನ ವ್ಯತ್ಯಾಸ ತಿಳಿಯಲು ಸಾಕು. ಹಾಡಿಲ್ಲದಾಗ ರಸ್ತೆಯ ಬಸ್ಸು, ರಿಕ್ಷಾ ಸೇರಿ 52ರ ಆಸುಪಾಸು. ಹಾಡಿದಾಗ 57. ಕಹೋನಿಗೆ ಇಟ್ಟಿದ್ದ ಮೈಕನ್ನು ತೆಗೆದೆವು, ಅದು ತನ್ನ ಸ್ವಂತ ಶಬ್ದದಲ್ಲೇ ಇರಲಿ ಎಂದು. ಮಾಸ್ಟ್ರು ಕಿಟಕಿಯ ಒಳಗೆ ನಿಂತು ನೋಡುತ್ತಿದ್ದರು. ಗಾಜಿನ ಮೇಲೆ ಅಂಗೈ ಇಟ್ಟಿದ್ದರು. ಆಮೇಲೆ ತಲೆಯಾಡಿಸಿ ಒಳಗೆ ಹೋದರು. ಒಪ್ಪಿಗೆಯೋ ಅಲ್ಲವೋ ಎಂದು ಆ ರಾತ್ರಿ ನಮ್ಮಲ್ಲಿ ವಾದವೇ ಆಯಿತು.

ಕಾರ್ಯಕ್ರಮದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಫೋಟೋಗಳನ್ನು ನೋಡಿದ್ದೀರಿ. ಗೋದಲಿಯನ್ನು ಜಾರುಬಂಡಿಯ ಕೆಳಗೆ ಕಟ್ಟಿದ್ದು ಮಕ್ಕಳಿಗೆ ಬಹಳ ಇಷ್ಟವಾಯಿತು. ಹೆಂಗಸರು ಬಂದರು. ಅಂಗಳದಲ್ಲಿ ಎರಡು ವರ್ಷದಲ್ಲಿ ಕಾಣದಷ್ಟು ಹೆಂಗಸರು ಮೊದಲ ಅರ್ಧ ಗಂಟೆಯಲ್ಲೇ ಬಂದರು. ಬಾಂಗಿನ ಹೊತ್ತಿಗೆ ನಿಲ್ಲಿಸಿದಾಗ ಐದು ನಿಮಿಷ ಎಲ್ಲರೂ ಚಹಾ ಕುಡಿದರು. ಎಂಟೂವರೆಗೆ ಮುಗಿಸಿದೆವು, ಅನುಮತಿ ಒಂಬತ್ತರವರೆಗೆ ಇದ್ದರೂ.

ಎಲ್ಲರೂ ಮೆಚ್ಚಲಿಲ್ಲ, ಅದನ್ನೂ ಹೇಳಬೇಕು. ಸ್ಪೀಕರಿನ ನಡುವಿನ ಖಾಲಿ ಜಾಗದಲ್ಲಿ ನಿಂತವರಿಗೆ ಭಾಷಣ ಸರಿಯಾಗಿ ಕೇಳಲಿಲ್ಲ. ದೊಡ್ಡ ಮೊತ್ತದ ದೇಣಿಗೆ ಕೊಟ್ಟ ಹಿರಿಯರೊಬ್ಬರು ಎದ್ದು ಬಂದು, “ಇದು ಹಬ್ಬವಾ, ಬೊಜ್ಜವಾ? ರಸ್ತೆಯಲ್ಲಿ ಹೋಗುವವನಿಗೆ ಕೇಳದಿದ್ದರೆ ಪಾರ್ಕಿನಲ್ಲಿ ಯಾಕೆ ಮಾಡುವುದು?” ಎಂದರು. ಅವರ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಹಳೆಯ ತಲೆಮಾರಿನವರಿಗೆ ಊರಿಗೆಲ್ಲ ಕೇಳುವ ಮೈಕು ಎಂದರೆ ನಾವೂ ಇಲ್ಲಿದ್ದೇವೆ ಎಂದು ಹೇಳುವ ರೀತಿ. ಗಡಿಯಲ್ಲಿ ಇರುವವರಿಗೆ, ಅದರಲ್ಲೂ ಕಡಿಮೆ ಸಂಖ್ಯೆಯವರಿಗೆ, ಆ ಆಸೆ ಇನ್ನೂ ಹೆಚ್ಚು. ಮುಂದಿನ ವರ್ಷ ಅವರು ದೇಣಿಗೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.

ಮಾಸ್ಟ್ರು ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಕುಸ್ವಾರಿನ ಪೊಟ್ಟಣ ಹಿಡಿದು ಹೋದೆವು. ಈ ಸಲ ಒಳಗೇ ಕರೆದರು. “ಮೊದಲೆರಡು ಹಾಡು ಕೇಳಿಸಲೇ ಇಲ್ಲ. ಆಮೇಲೆ ಇವಳು ಕಿಟಕಿ ತೋರಿಸಿದಳು, ಒಂದು ರೆಕ್ಕೆ ತೆರೆದೆ. ಮಕ್ಕಳ ಹಾಡಿನಲ್ಲಿ ಉಚ್ಚಾರ ಸರಿ ಇಲ್ಲ, ‘ಹ’ಕಾರ ನುಂಗುತ್ತಾರೆ. ಕಳಿಸಿ, ತಿದ್ದುತ್ತೇನೆ” ಎಂದರು. ಅಮ್ಮನವರಿಗೆ ನೆವ್ರಿ ಬೇಕೆನಿಸಿತು, ಮಾಸ್ಟ್ರು ಪುಡಿಮಾಡಿ ಹಾಲಿನಲ್ಲಿ ಕಲಸಿ ಕೊಟ್ಟರು.

ಅದರ ಮುಂದಿನ ಶನಿವಾರವೇ ಪಾರ್ಕಿನಲ್ಲಿ ಮತ್ತೊಂದು ಕಾರ್ಯಕ್ರಮ. ಯಾರದ್ದೆಂದು ಬರೆಯುವುದಿಲ್ಲ. ನಾಲ್ಕು ವೂಫರ್, ಎರಡು ಟೆಂಪೋದಲ್ಲಿ ಬಂದವು, ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ ನಿಂತವು. ನಮ್ಮ ಒಂದು ಸಂಜೆಯ ಲೆಕ್ಕಾಚಾರದಿಂದ ಆ ಕೋಣೆಗೆ ಸಿಕ್ಕಿದ್ದು ಒಂದೇ ಸಂಜೆ.

ಜನವರಿಯಲ್ಲಿ ಮಾಸ್ಟ್ರು ನಮ್ಮನ್ನು ಕರೆದು ಒಂದು ಮನವಿಯ ಕರಡು ತೋರಿಸಿದರು. ಪಾರ್ಕನ್ನು ಬಾಡಿಗೆಗೆ ಕೊಡುವಾಗ ಪಂಚಾಯತ್ ತನ್ನ ರಶೀದಿಯಲ್ಲೇ ಕೆಲವು ಶರತ್ತುಗಳನ್ನು ಬರೆಯಬೇಕು: ವೂಫರ್ ಬೇಡ, ರಾತ್ರಿ ಎಂಟೂವರೆಗೆ ಮುಗಿಸಬೇಕು, ತಿಂಗಳಿಗೆ ಎರಡಕ್ಕಿಂತ ಹೆಚ್ಚು ಮೈಕ್ ಕಾರ್ಯಕ್ರಮ ಬೇಡ, ಬೇಲಿಗೆ ತಾಗಿದ ಮನೆಗಳಿಗೆ ಮೂರು ದಿನ ಮೊದಲು ತಿಳಿಸಬೇಕು. ದೂರು ಕೊಡಲು ನಿಯಮದಲ್ಲಿ ದಾರಿಯಿದೆ, ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ಯಾರೂ ಪ್ರಾಧಿಕಾರಕ್ಕೆ ಬರೆಯಬಹುದು. ಆದರೆ ಮಾಸ್ಟ್ರಿಗೆ ದೂರು ಕೊಡುವ ಮನಸ್ಸಿಲ್ಲ. “ದೂರು ಕೊಟ್ಟರೆ ಅದು ಒಬ್ಬರ ವಿರುದ್ಧ ಆಗುತ್ತದೆ. ಇದು ಪಾರ್ಕಿಗೆ” ಎಂದರು. ಸಹಿಗೆ ನಮ್ಮ ಹೆಸರೂ ಬೇಕು ಎಂದರು.

ಇದು ನಮಗೆ ಮೈಕಿನ ಪರ್ಮಿಷನ್ನಿಗಿಂತ ಕಷ್ಟದ್ದಾಯಿತು. ನಮ್ಮ ಕಾರ್ಯಕ್ರಮ ಮುಗಿದ ತಿಂಗಳಲ್ಲೇ ಚರ್ಚಿನ ಹುಡುಗರು ಬೇರೆಯವರ ಮೈಕಿಗೆ ಅಡ್ಡ ಬಂದರು ಎಂದು ಪೇಟೆಯಲ್ಲಿ ಸುದ್ದಿಯಾದರೆ ಬಂಧುತ್ವ ಸಂಜೆಯಲ್ಲಿ ಬಂದ ಹೆಂಗಸರು ಮುಂದಿನ ಸಲ ಬರುತ್ತಾರಾ? ಸಹಿ ಹಾಕದಿದ್ದರೆ ಆ ಕೋಣೆಯನ್ನು ಕಣ್ಣಾರೆ ನೋಡಿ ಬಂದವರು ನಾವೇ. ಪಾಲನಾ ಸಮಿತಿಯಲ್ಲಿ ವಿಷಯ ಇಟ್ಟೆವು. ಎರಡು ಸಭೆ ನಡೆಯಿತು. ಘಟಕದ ಹೆಸರಿನಲ್ಲಿ ಬೇಡ, ಇಷ್ಟವಿದ್ದವರು ನೆರೆಯವರಾಗಿ ಅವರವರ ಹೆಸರಿನಲ್ಲಿ ಹಾಕಲಿ ಎಂದು ಹಿರಿಯರು ಹೇಳಿದರು. ಹದಿನಾಲ್ಕು ಮಂದಿ ಹಾಕಿದ್ದೇವೆ. ಉಸ್ತಾದರು ಹಾಕಿದ್ದಾರೆ. ಹತ್ತು ಮನೆಗಳಲ್ಲಿ ಏಳು. ಅಂಗಡಿಯವರು ಒಬ್ಬರೂ ಇಲ್ಲ.

ಮನವಿ ಕನ್ನಡದಲ್ಲಿದೆ, ಮಾಸ್ಟ್ರ ಕೈಬರಹ. ಕಳೆದ ತಿಂಗಳ 9ರಂದು ಸೀಲ್ ಹಾಕಿಸಿಕೊಂಡು ಬಂದಿದ್ದೇವೆ. ಉತ್ತರ ಬಂದಿಲ್ಲ. ಮೇ ತಿಂಗಳ ನಮ್ಮ ಮಕ್ಕಳ ಶಿಬಿರದ ಕೊನೆಯ ದಿನಕ್ಕೆ ಮತ್ತೆ ಅದೇ ಪಾರ್ಕು ಕೇಳಿದ್ದೇವೆ. ಈ ಸಲದ ಅರ್ಜಿಯಲ್ಲಿ ಧ್ವನಿವರ್ಧಕದ ವಿವರ ಎಂಬಲ್ಲಿ ನಾಲ್ಕು ಸಣ್ಣ ಬಾಕ್ಸ್, ವೂಫರ್ ಇಲ್ಲ ಎಂದು ನಾವಾಗಿಯೇ ಬರೆದಿದ್ದೇವೆ. ಕೌಂಟರಿನಲ್ಲಿ ಅದನ್ನು ಓದಿದವರು, ಈಗ ಅವರಿಗೆ ಸ್ವಲ್ಪ ಸ್ವಲ್ಪ ಕನ್ನಡ ಬರುತ್ತದೆ, “ವೂಫರ್ ಇಲ್ಲ ಅಂತ ಯಾಕೆ ಬರೆದದ್ದು?” ಎಂದು ಕೇಳಿದರು. ಹೇಳಿದೆವು. ಕೂತು ಪೂರ್ತಿ ಕೇಳಿದರು.